ಪ್ರೊಫೆಸರ್ ಕಲಿಸಿದ ಲೆಕ್ಕ



ಫೆಬ್ರವರಿ ತಿಂಗಳಲ್ಲಿ ನಾವು ನೆನೆಯಬೇಕಾದ ದಿನಗಳು ಎರಡು. 1936ರ ಫೆಬ್ರವರಿ 13ರಂದು ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಹುಟ್ಟಿದರು. 2004ರ ಫೆಬ್ರವರಿ 3ರಂದು ಕ್ಯಾನ್ಸರ್ ಕಾಯಿಲೆಯಿಂದ ತೀರಿಕೊಂಡರು. ಇನ್ನು ಹತ್ತು ದಿನ ಕಳೆದಿದ್ದರೆ ಅರವತ್ತೆಂಟು ತುಂಬುತ್ತಿತ್ತು. ಈ ಎರಡು ದಿನವೂ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಹಸಿರು ಶಾಲು ಹೊದ್ದು ಜೈಕಾರ ಕೂಗುತ್ತೇವೆ, ಉಪ್ಪಿಟ್ಟು ತಿಂದು ಮನೆಗೆ ಬರುತ್ತೇವೆ. ಮಾರನೇ ದಿನ ಬೆಳಗ್ಗೆ ಸಾಲ ವಸೂಲಿಗೆ ಬಂದವನ ಮೋಟಾರ್ ಸೈಕಲ್ ಶಬ್ದ ಕೇಳಿದರೆ ಹಿತ್ತಿಲ ಬಾಗಿಲಿಂದ ಹೊಲಕ್ಕೆ ನಡೆಯುತ್ತೇವೆ. ಹಾರ ಹಾಕೋದು ತಪ್ಪಲ್ಲ. ಆದರೆ ಆ ಮನುಷ್ಯ ಇಪ್ಪತ್ತನಾಲ್ಕು ವರ್ಷ ಊರೂರು ಅಲೆದು ನಮಗೆ ಹೇಳಿದ್ದು ಇದನ್ನಲ್ಲ. ಹಿತ್ತಿಲ ಬಾಗಿಲಿಂದ ಹೋಗಬೇಡಿ, ಮುಂಬಾಗಿಲಲ್ಲಿ ನಿಂತು ಲೆಕ್ಕ ಕೇಳಿ ಅಂತ ಹೇಳಿದರು. ಆ ಲೆಕ್ಕ ಯಾವುದು, ಇವತ್ತು ಅದು ನಮ್ಮ ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿಮ್ಮ ಮುಂದೆ ಇಡಬೇಕೆಂದು ಈ ಸಂಪಾದಕೀಯ.

ಅವರು ನಮ್ಮವರು. ಕೊಳ್ಳೇಗಾಲದಿಂದ ಹನೂರಿನ ಕಡೆ ಹೊರಟರೆ ರಸ್ತೆಯಲ್ಲೇ ಸಿಗುವ ಮಧುವನಹಳ್ಳಿ ಅವರ ಊರು. ಅವರು ಹುಟ್ಟಿದ ಕಾಲಕ್ಕೆ ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿರಲಿಲ್ಲ. ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದ ಮೈಸೂರಿನ ನೆಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಆಮೇಲೆ ಹನೂರು ತಾಲ್ಲೂಕಾಯಿತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಕಂದಾಯ ಕಟ್ಟುವ ಕಚೇರಿ ಬದಲಾಯಿತು. ಹಳ್ಳಿಯವನು ಕಚೇರಿ ಮುಂದೆ ಟವಲನ್ನು ಹೆಗಲಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುವುದು ಮಾತ್ರ ಬದಲಾಗಿರಲಿಲ್ಲ. ಅದನ್ನು ಬದಲಾಯಿಸಿದವರಲ್ಲಿ ಮೊದಲ ಸಾಲಿನವರು ಈ ಮಧುವನಹಳ್ಳಿಯವರು.

ಅವರು ಕಾನೂನು ಓದಿದರು. ಹಾಲೆಂಡ್ ದೇಶದ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿತು ಬಂದರು. ಕಾಲೇಜಿನಲ್ಲಿ ಕಾನೂನಿನ ಪಾಠ ಹೇಳಿದರು. ಅದಕ್ಕೇ ಕಡೆಯವರೆಗೂ ರೈತರ ಬಾಯಲ್ಲಿ ಅವರು ಪ್ರೊಫೆಸರ್ರೇ ಆಗಿ ಉಳಿದರು. ಲೋಹಿಯಾ ವಿಚಾರದ ಸಮಾಜವಾದಿ ಯುವಜನ ಸಭಾದಲ್ಲಿ ದುಡಿದವರು, ಜಾತಿ ಹೋಗಬೇಕು ಎಂದವರು, ಮದುವೆ ಸರಳವಾಗಿ ಆಗಬೇಕು ಎಂದವರು. ಅಷ್ಟು ಓದಿದವರಿಗೆ ಪಟ್ಟಣದಲ್ಲಿ ಸುಖವಾಗಿ ಇರುವ ದಾರಿ ಇತ್ತು. ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ನಮ್ಮಂಥವರ ಜಮೀನು ವ್ಯಾಜ್ಯ ನಡೆಸಿಯೇ ನಾಲ್ಕು ಮನೆ ಕಟ್ಟಬಹುದಿತ್ತು. ಅವರು ಆ ದಾರಿ ಹಿಡಿಯದೆ, ಕಲಿತ ಕಾನೂನನ್ನು ಹಳ್ಳಿಯ ಜಗಲಿಗೆ ತಂದು ಬಿಚ್ಚಿಟ್ಟರು.

1980ನೇ ಇಸವಿಯ ಕಥೆ ನಮ್ಮ ಹುಡುಗರಿಗೆ ಗೊತ್ತಿರಬೇಕು. ಮಲಪ್ರಭಾ ನೀರಾವರಿ ಅಚ್ಚುಕಟ್ಟಿನಲ್ಲಿ ಬೆಟರ್‌ಮೆಂಟ್ ಲೆವಿ ಎಂಬ ಕರ ಹಾಕಿದರು. ಅಂದರೆ, ಕಾಲುವೆ ಬಂದು ನಿನ್ನ ಭೂಮಿಯ ಬೆಲೆ ಏರಿದೆ, ಅದಕ್ಕೆ ಹಣ ಕಟ್ಟು ಎಂದು. ನೀರು ಸರಿಯಾಗಿ ಬಾರದ ಹೊಲಕ್ಕೂ ನೋಟೀಸು, ನೀರು ನಿಂತು ಸವಳಾದ ಹೊಲಕ್ಕೂ ನೋಟೀಸು. ಆ ವರ್ಷ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗುಂಡು ಹಾರಿತು, ರೈತರು ಸತ್ತರು. ಗುಂಡೂರಾಯರ ಸರ್ಕಾರ ಇದ್ದ ಕಾಲ ಅದು. ಆ ಬೆಂಕಿ ಅಲ್ಲಿಗೆ ನಿಲ್ಲಲಿಲ್ಲ. ಶಿವಮೊಗ್ಗ ಕಡೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ ಮುಂತಾದವರು, ಅವರ ಜೊತೆಗೆ ನಂಜುಂಡಸ್ವಾಮಿಯವರು ಸೇರಿ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದರು. ಜುಲೈ 21 ಇವತ್ತಿಗೂ ರೈತ ಹುತಾತ್ಮರ ದಿನ. 1983ರ ಚುನಾವಣೆಯಲ್ಲಿ ಆ ಸರ್ಕಾರ ಉರುಳಿತು. ರೈತನೂ ಒಂದು ಶಕ್ತಿ ಎಂಬುದು ವಿಧಾನಸೌಧಕ್ಕೆ ಆಗ ಗೊತ್ತಾಯಿತು.

ರೈತ ಸಂಘಕ್ಕೆ ಮುಂಚೆಯೂ ರೈತರ ಹೋರಾಟಗಳು ನಡೆದಿದ್ದವು. ಕಂದಾಯ ಕಮ್ಮಿ ಮಾಡಿ, ನೀರು ಬಿಡಿ, ಬರ ಬಂದಿದೆ ಪರಿಹಾರ ಕೊಡಿ ಎಂದು ಅರ್ಜಿ ಹಿಡಿದು ಹೋಗುವುದೇ ಅವುಗಳಲ್ಲಿ ಬಹುಪಾಲಿನ ರೀತಿ. ಅರ್ಜಿ ಹಿಡಿದವನು ಬೇಡುವವನು, ಮೇಜಿನ ಆಚೆ ಕೂತವನು ಕೊಡುವವನು. ಪ್ರೊಫೆಸರ್ ಮಾಡಿದ ದೊಡ್ಡ ಕೆಲಸ ಏನೆಂದರೆ ಈ ಮೇಜನ್ನು ತಿರುಗಿಸಿ ಇಟ್ಟದ್ದು. ರೈತ ಸಾಲಗಾರನಲ್ಲ, ಸರ್ಕಾರವೇ ರೈತನಿಗೆ ಬಾಕಿದಾರ ಎಂದರು. ಕೇಳಿದವರು ಮೊದಲು ನಕ್ಕರು. ಬ್ಯಾಂಕಿನ ಪುಸ್ತಕದಲ್ಲಿ ರೈತನ ಹೆಸರಿನ ಮುಂದೆ ಸಾಲ ಅಂತ ಬರೆದಿರುವಾಗ ಸರ್ಕಾರ ಹೇಗೆ ಬಾಕಿದಾರ? ಅವರ ವಾದ ಸುಲಭದ್ದು. ಪಟ್ಟಣದವನಿಗೆ ಅಗ್ಗದ ಅನ್ನ ಬೇಕು, ಗಿರಣಿಗೆ ಅಗ್ಗದ ಹತ್ತಿ ಬೇಕು, ಅದಕ್ಕಾಗಿ ನಮ್ಮ ಬೆಳೆಯ ಬೆಲೆಯನ್ನು ಕೆಳಗೆ ಒತ್ತಿ ಹಿಡಿದಿದ್ದಾರೆ. ಪ್ರತಿ ಮೂಟೆಯಲ್ಲೂ ನಮಗೆ ಬರಬೇಕಾದಷ್ಟು ಬಂದಿಲ್ಲ. ಇಷ್ಟು ವರ್ಷಗಳಲ್ಲಿ ಹೀಗೆ ಹೋದದ್ದನ್ನು ಕೂಡಿಸಿ, ನಮ್ಮ ಮೇಲಿರುವ ಸಾಲದ ಪಕ್ಕ ಇಡಿ. ಯಾವುದು ದೊಡ್ಡದು? ಯಾರು ಯಾರಿಗೆ ಕೊಡಬೇಕು?

ಈ ಒಂದು ಪ್ರಶ್ನೆಯಿಂದ ಹಳ್ಳಿಯ ಬೆನ್ನು ನೆಟ್ಟಗಾಯಿತು. ಸಾಲ ವಸೂಲಿಯವರು, ಸರ್ಕಾರಿ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಕೂಡದು ಎಂದು ಊರ ಬಾಗಿಲಲ್ಲಿ ಬೋರ್ಡು ಬಿದ್ದವು. ಅದಕ್ಕೂ ಮುಂಚೆ ಜಪ್ತಿ ಅಂದರೆ ಏನಿತ್ತು ಎಂದು ಹಿರಿಯರನ್ನು ಕೇಳಿ. ಬಾಕಿ ಕಟ್ಟಲಿಲ್ಲ ಅಂತ ಹಂಡೆ, ಕೊಳದಪ್ಪಲೆ, ಬಾಗಿಲು, ಪಂಪುಸೆಟ್ಟು ಎತ್ತಿಕೊಂಡು ಹೋಗೋರು. ಎಲ್ಲಕ್ಕಿಂತ ಹೆಚ್ಚಾಗಿ ಊರ ಮುಂದೆ ಮಾನ ಎತ್ತಿಕೊಂಡು ಹೋಗೋರು. ರೈತ ಸಂಘ ಬಂದ ಮೇಲೆ ಊರಿನವರೇ ಗುಂಪಾಗಿ ಹೋಗಿ ಜಪ್ತಿಯಾದ ಸಾಮಾನನ್ನು ವಾಪಸು ತಂದರು. ಒಬ್ಬ ರೈತನ ಹಂಡೆ ಇಡೀ ಊರಿನ ಹಂಡೆಯಾಯಿತು. ಸಾಲ ಎಂಬುದು ಮನೆಯೊಳಗೆ ಮುಚ್ಚಿಡುವ ಹುಣ್ಣಾಗಿತ್ತು. ಅದನ್ನು ಬೀದಿಗೆ ತಂದು, ಇದು ನನ್ನೊಬ್ಬನ ದಡ್ಡತನದಿಂದ ಬಂದದ್ದಲ್ಲ, ಬೆಲೆಯಿಂದ ಬಂದದ್ದು ಎಂದು ಹೇಳುವ ಧೈರ್ಯ ಬಂತು.

ಈಗ ಆ ಬೆಲೆಯ ಲೆಕ್ಕಕ್ಕೆ ಬರೋಣ. ವೈಜ್ಞಾನಿಕ ಬೆಲೆ ಎಂದು ನಾವು ಕೂಗುತ್ತೇವೆ. ಹಾಗಂದ್ರೇನು ಅಂತ ಊರ ಹುಡುಗ ಕೇಳಿದರೆ ಎಷ್ಟು ಜನ ಬಿಡಿಸಿ ಹೇಳಬಲ್ಲೆವು? ಬೆಂಬಲ ಬೆಲೆ ಗೊತ್ತುಮಾಡುವಾಗ ಸರ್ಕಾರ ಖರ್ಚನ್ನು ಮೂರು ಮೆಟ್ಟಿಲಲ್ಲಿ ಲೆಕ್ಕ ಹಾಕುತ್ತದೆ. ಮೊದಲನೇ ಮೆಟ್ಟಿಲು ಕೈಯಿಂದ ಬಿಚ್ಚಿದ ದುಡ್ಡು: ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಡೀಸೆಲ್ಲು. ಎರಡನೆಯದು ಮನೆಯವರ ದುಡಿಮೆ: ನೀವು, ನಿಮ್ಮ ಹೆಂಡತಿ, ಮಕ್ಕಳು ಹೊಲದಲ್ಲಿ ಸುರಿಸಿದ ಬೆವರಿಗೆ ಕಟ್ಟುವ ಕೂಲಿ. ಮೂರನೆಯದು ನಿಮ್ಮದೇ ಭೂಮಿಯ ಗುತ್ತಿಗೆ ಮತ್ತು ನೀವು ಹಾಕಿದ ಬಂಡವಾಳದ ಬಡ್ಡಿ. ಅದೇ ಹೊಲವನ್ನು ಬೇರೆಯವರಿಗೆ ಗುತ್ತಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ ದುಡ್ಡು ಅದು. ಅಂಗಡಿಯವನು ತನ್ನ ಮಳಿಗೆಯ ಬಾಡಿಗೆಯನ್ನೂ ಬಂಡವಾಳದ ಬಡ್ಡಿಯನ್ನೂ ಸೇರಿಸದೆ ಬಟ್ಟೆಗೆ ಬೆಲೆ ಕಟ್ಟುತ್ತಾನೆಯೇ? ನಾವು ಮಾತ್ರ ಕಟ್ಟಬೇಕು.

ಪ್ರೊಫೆಸರ್ ಕಣ್ಮುಚ್ಚಿದ ವರ್ಷವೇ, 2004ರ ನವೆಂಬರಿನಲ್ಲಿ, ಎಂ.ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈತ ಆಯೋಗ ಆಯಿತು. ಖರ್ಚಿನ ಮೇಲೆ ಕಡೇಪಕ್ಷ ನೂರಕ್ಕೆ ಐವತ್ತು ಸೇರಿಸಿ ಬೆಲೆ ಕೊಡಿ ಎಂದು ಅದು 2006ರಲ್ಲಿ ಹೇಳಿತು. ಹತ್ತಾರು ವರ್ಷದಿಂದ ನಮ್ಮವರು ಬೀದಿಯಲ್ಲಿ ಕೂಗಿದ್ದು ಸರ್ಕಾರದ ಕಾಗದಕ್ಕೆ ಏರಿತು. 2018ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಒಂದೂವರೆಪಟ್ಟು ಕೊಡುತ್ತೇವೆ ಎಂದಿತು. ಆದರೆ ಯಾವ ಖರ್ಚಿನ ಒಂದೂವರೆಪಟ್ಟು? ಎರಡನೇ ಮೆಟ್ಟಿಲಿಗೆ ನಿಂತುಬಿಟ್ಟಿತು. ಮೂರನೇ ಮೆಟ್ಟಿಲು ಹತ್ತಲಿಲ್ಲ.

ರಾಗಿಯನ್ನೇ ಹಿಡಿಯಿರಿ. 2025-26ರ ಮುಂಗಾರಿಗೆ ಕ್ವಿಂಟಾಲ್ ರಾಗಿಗೆ ಸರ್ಕಾರ ಹಿಡಿದ ಖರ್ಚು 3,257 ರೂಪಾಯಿ, ಬೆಂಬಲ ಬೆಲೆ 4,886 ರೂಪಾಯಿ. ಒಂದೂವರೆಪಟ್ಟು ಆಯಿತು, ಸರಿ. ಈಗ ನಿಮ್ಮ ಭೂಮಿಯ ಗುತ್ತಿಗೆ ಸೇರಿಸಿ ನೋಡಿ. ತಿಳಿಯಲಿಕ್ಕೆಂದು ಒಂದು ಲೆಕ್ಕ ಹಾಕುತ್ತೇನೆ, ಇದು ಸರ್ಕಾರದ ಅಂಕಿ ಅಲ್ಲ: ಎಕರೆಗೆ ವರ್ಷದ ಗುತ್ತಿಗೆ 8,000 ರೂಪಾಯಿ, ಬೆಳೆ 8 ಕ್ವಿಂಟಾಲ್ ಎಂದುಕೊಳ್ಳಿ. ಕ್ವಿಂಟಾಲಿಗೆ 1,000 ರೂಪಾಯಿ ಗುತ್ತಿಗೆ ಬಿತ್ತು. ಖರ್ಚು 4,257 ಆಯಿತು. ಅದರ ಒಂದೂವರೆಪಟ್ಟು 6,385 ರೂಪಾಯಿಯ ಮೇಲೆ. ಆ ಬೆಂಬಲ ಬೆಲೆಗೂ ಇದಕ್ಕೂ ಕ್ವಿಂಟಾಲಿಗೆ ಹತ್ತಿರ ಹತ್ತಿರ 1,500 ರೂಪಾಯಿ ಅಂತರ, ಎಂಟು ಕ್ವಿಂಟಾಲಿಗೆ 12,000. ಬಂಡವಾಳದ ಬಡ್ಡಿ ಇನ್ನೂ ಸೇರಿಸಿಲ್ಲ. ಐದು ಎಕರೆಯವನಿಗೆ ವರ್ಷಕ್ಕೆ 60,000 ರೂಪಾಯಿ. ಹತ್ತು ವರ್ಷ ಹೀಗೇ ಹೋದರೆ 6 ಲಕ್ಷ. ಈಗ ಹೇಳಿ, ಐದು ಎಕರೆಯ ರೈತನ ಮೇಲೆ ಇರುವ ಸಾಲ ಎಷ್ಟು? ಬಾಕಿದಾರ ಯಾರು?

ಇದಾದರೂ ಬೆಂಬಲ ಬೆಲೆ ಸಿಕ್ಕಿದವರ ಮಾತಾಯಿತು. ಹನೂರು ಕಡೆಯ ಮಳೆಯಾಶ್ರಿತ ಭೂಮಿಯಲ್ಲಿ ಹೆಚ್ಚಾಗಿ ಬಿತ್ತುವ ಮುಸುಕಿನ ಜೋಳಕ್ಕೆ ಅದೇ ಹಂಗಾಮಿನ ಬೆಂಬಲ ಬೆಲೆ 2,400 ರೂಪಾಯಿ. ಕಾಗದದಲ್ಲಿ. 2025ರ ನವೆಂಬರಿನಲ್ಲಿ ಮಂಡಿಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿದು ರಾಜ್ಯದ ರೈತರು ಬೀದಿಗೆ ಬರಬೇಕಾಯಿತು. ಕೊಳ್ಳುವವರು ಇಲ್ಲದ ಬೆಂಬಲ ಬೆಲೆ ಗೋಡೆಯ ಮೇಲೆ ಬರೆದ ಊಟ. ಅರಿಶಿನಕ್ಕಂತೂ ಬೆಂಬಲ ಬೆಲೆಯೇ ಇಲ್ಲ. ಒಂದು ವರ್ಷ ಏರಿದ ಬೆಲೆ ನೋಡಿ ಮಾರನೇ ವರ್ಷ ಊರೆಲ್ಲಾ ಅರಿಶಿನ ಹಾಕುತ್ತೇವೆ, ಬೇಯಿಸಿ ಒಣಗಿಸಿ ಪಾಲಿಶ್ ಮಾಡುವ ಹೊತ್ತಿಗೆ ಬೆಲೆ ನೆಲ ಕಚ್ಚುತ್ತದೆ. ರೇಷ್ಮೆ ಗೂಡಿನ ಪಾಡೂ ಅದೇ. ರಾತ್ರಿಯೆಲ್ಲಾ ಹುಳುವಿಗೆ ಸೊಪ್ಪು ಹಾಕಿ ನಿದ್ದೆಗೆಟ್ಟ ಹೆಣ್ಣುಮಕ್ಕಳ ಕೂಲಿಯನ್ನು ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಯಾರು ಕೂಗುತ್ತಾರೆ?

ಬೆಲೆಯ ಲೆಕ್ಕದ ಜೊತೆಗೆ ಪ್ರೊಫೆಸರ್ ಹಿಡಿದ ಇನ್ನೊಂದು ಲೆಕ್ಕ ಬಿತ್ತನೆ ಬೀಜದ್ದು. 1991ರ ಕೊನೆಗೆ ಡಂಕೆಲ್ ಪ್ರಸ್ತಾವನೆ ಬಂದಾಗ ಅದು ಏನು ಎಂದು ಓದಿದವರಲ್ಲೇ ಬಹಳ ಜನಕ್ಕೆ ತಿಳಿದಿರಲಿಲ್ಲ. ಅಂತರರಾಷ್ಟ್ರೀಯ ಕಾನೂನು ಓದಿದ್ದ ಇವರು ಅದನ್ನು ಹಳ್ಳಿ ಭಾಷೆಗೆ ಇಳಿಸಿದರು: ನಾಳೆ ನಿನ್ನ ಕಣಜದ ಬೀಜಕ್ಕೂ ಕಂಪನಿಯವನು ಹಕ್ಕು ಕೇಳುತ್ತಾನೆ. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದೇ ಕಂಪನಿಯ ಘಟಕವನ್ನು ಕೆಡವಿದರು. ಆ ವರ್ಷದ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಲಕ್ಷಾಂತರ ರೈತರು ಸೇರಿದರು, ಹೊರದೇಶದ ರೈತ ಮುಖಂಡರೂ ಬಂದರು. 1998ರ ನವೆಂಬರಿನಲ್ಲಿ ಸಿಂಧನೂರು ತಾಲ್ಲೂಕಿನ ಹೊಲದಲ್ಲಿ ಮಾನ್ಸಾಂಟೋ ಕಂಪನಿಯ ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಮುಂಚೆಯೇ ಸಾರಿ ಹೇಳಿ ಮಾಡಿದರು, ಆ ಹೊಲದ ರೈತನಿಗೆ ನಷ್ಟ ಆಗದಂತೆ ಪರಿಹಾರ ಕೊಡುತ್ತೇವೆ ಎಂದೂ ಹೇಳಿದರು. 1999ರಲ್ಲಿ ನೂರಾರು ರೈತರನ್ನು ಯೂರೋಪಿಗೆ ಕರೆದುಕೊಂಡು ಹೋಗಿ ಅಲ್ಲಿಯ ಬೀದಿಗಳಲ್ಲಿ ಹಸಿರು ಶಾಲು ತೋರಿಸಿದರು.

ಆಸ್ತಿ ಹಾಳುಮಾಡಿದ್ದು ಹಿಂಸೆ ಎಂದವರಿದ್ದರು. ಮನುಷ್ಯನ ಮೇಲೆ ಕೈಯೆತ್ತದಿದ್ದರೆ ಹಿಂಸೆಯಲ್ಲ ಎಂಬುದು ಅವರ ಉತ್ತರ. ಇದನ್ನು ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ಆ ಗಲಾಟೆಯ ಫಲ ನೋಡಿ. 2001ರಲ್ಲಿ ಪಾರ್ಲಿಮೆಂಟು ಮಾಡಿದ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ 39ನೇ ಕಲಂ ಇದೆ. ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ನೆಂಟರಿಗೆ ಕೊಡಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಕಂಪನಿಯ ಹೆಸರಿನ ಚೀಲ ಹಾಕಿ ಮಾತ್ರ ಮಾರಕೂಡದು. ಇಂಥ ಹಕ್ಕು ಎಷ್ಟೋ ದೇಶಗಳ ರೈತರಿಗೆ ಇಲ್ಲ. ದೇಶದ ನಾನಾ ಕಡೆಯ ರೈತರೂ ವಿಜ್ಞಾನಿಗಳೂ ಒತ್ತಾಯ ಮಾಡಿದ್ದರಿಂದ ಬಂದ ಹಕ್ಕು ಇದು, ಅದರಲ್ಲಿ ನಮ್ಮ ರಾಜ್ಯದ ಹಸಿರು ಶಾಲಿನ ಪಾಲು ದೊಡ್ಡದು. ಬೀಜ ಸುಡುವುದರ ಜೊತೆಗೆ ಬೀಜ ಕಾಯುವ ಕೆಲಸವನ್ನೂ ಅವರು ಕನಸಿದರು. ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ, ಚಾಮರಾಜನಗರ ತಾಲ್ಲೂಕಿನ ಹೊಂಡರಬಾಳಿನಲ್ಲಿ ಇರುವ ಅಮೃತ ಭೂಮಿ ಆ ಕನಸು. ಅವರು ಹೋದ ಮೇಲೆ ಅವರ ಮಗಳು ಚುಕ್ಕಿ ನಂಜುಂಡಸ್ವಾಮಿ ಮತ್ತು ಸಂಗಡಿಗರು ಅದನ್ನು ನಡೆಸಿಕೊಂಡು ಬಂದರು. ಎತ್ತಿನ ಗಾಡಿ ಹೋಗುವಷ್ಟು ಹತ್ತಿರ ಇದ್ದೂ ನಮ್ಮಲ್ಲಿ ಎಷ್ಟು ಜನ ಅಲ್ಲಿ ಕಾಲಿಟ್ಟಿದ್ದೇವೆ?

ಹೊಗಳಿಕೆ ಒಂದೇ ಆದರೆ ಅದು ಪಟಕ್ಕೆ ಹಾರ ಹಾಕಿದ ಹಾಗೇ. ಆಗದೇ ಹೋದದ್ದನ್ನೂ ಹೇಳಬೇಕು. 1989ರ ಚುನಾವಣೆಯ ಕಾಲದಲ್ಲಿ ಸಂಘದಿಂದ ವಿಧಾನಸಭೆಗೆ ಹೋದವರು ಬೆರಳೆಣಿಕೆ. ಬಾಬಾಗೌಡ ಪಾಟೀಲರು ಗೆದ್ದರು, ಧಾರವಾಡ ಗ್ರಾಮಾಂತರದಿಂದ ಪ್ರೊಫೆಸರ್ ಹೋದರು. ಮೆರವಣಿಗೆಗೆ ಬಂದ ಲಕ್ಷ ಜನ ಮತಪೆಟ್ಟಿಗೆಯ ಮುಂದೆ ಜಾತಿಗೆ, ಪಾರ್ಟಿಗೆ ಹಂಚಿಹೋದರು. ಸಂಘವೂ ಒಂದಾಗಿ ಉಳಿಯಲಿಲ್ಲ, ಬಣಗಳಾದವು. ಇವತ್ತು ಒಂದೇ ಹಸಿರು ಶಾಲಿನ ಕೆಳಗೆ ಎಷ್ಟು ಸಂಘ ಇವೆ ಎಂದು ಎಣಿಸಲು ಎರಡು ಕೈ ಸಾಲದು. 2002ರಲ್ಲಿ ಬಿ.ಟಿ. ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು, ಹತ್ತಿ ಬೆಳೆಯುವ ರೈತರೇ ಸಾಲು ನಿಂತು ಕೊಂಡರು. ಇದು ಭೂಮಿ ಇರುವವರ ಸಂಘ, ಕೂಲಿಯವರಿಗೆ ಇದರಲ್ಲಿ ಜಾಗವಿಲ್ಲ ಎಂಬ ಮಾತೂ ಬಂತು. ಆ ಮಾತಿಗೆ ನಾವು ಸಿಟ್ಟಾಗುವುದಕ್ಕಿಂತ ಉತ್ತರ ಕೊಡಬೇಕು. ವೈಜ್ಞಾನಿಕ ಬೆಲೆಯ ಮೊದಲನೇ ಮೆಟ್ಟಿಲಲ್ಲೇ ಆಳಿನ ಕೂಲಿ ಇದೆ. ಬೆಲೆ ಕೇಳುವಾಗ ಆ ಕೂಲಿಯನ್ನು ಪೂರ್ತಿ ಬರೆದು, ಕೊಡುವಾಗ ಕಮ್ಮಿ ಕೊಟ್ಟರೆ ನಮ್ಮ ಲೆಕ್ಕವೇ ಸುಳ್ಳಾಗುತ್ತದೆ.

ಇನ್ನು ಇವತ್ತಿನ ಮಾತು. 2008ರಲ್ಲಿ ಕೇಂದ್ರ ಸರ್ಕಾರ ಸಾಲ ಮನ್ನಾ ಮಾಡಿತು. 2017ರಲ್ಲಿ ರಾಜ್ಯ ಸರ್ಕಾರ ಸೊಸೈಟಿ ಸಾಲದಲ್ಲಿ 50,000 ರೂಪಾಯಿವರೆಗೆ ಬಿಟ್ಟಿತು, 2018ರಲ್ಲಿ ಮತ್ತೊಂದು ಮನ್ನಾ ಬಂತು. ಉಸಿರಾಡಲು ಬಿಡುವು ಸಿಕ್ಕಿತು, ಇಲ್ಲವೆನ್ನುವುದಿಲ್ಲ. ಆದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತಾಯಿತು. ಬೆಲೆ ಖರ್ಚಿಗಿಂತ ಕೆಳಗಿರುವ ತನಕ ಮನ್ನಾ ಆದ ಸಾಲ ಮೂರು ಬೆಳೆಯೊಳಗೆ ಮತ್ತೆ ಹುಟ್ಟುತ್ತದೆ. ಅಲ್ಲದೆ ಸಾಲ ಮನೆ ಬದಲಾಯಿಸಿದೆ. ಮುಂಚೆ ಸೊಸೈಟಿ, ಬ್ಯಾಂಕು, ಮಂಡಿಯ ಸಾಹುಕಾರ. ಈಗ ವಾರವಾರ ಕಂತು ಕಟ್ಟುವ ಗುಂಪು ಸಾಲ, ಅದೂ ಹೆಂಗಸರ ಹೆಸರಲ್ಲಿ. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯವರ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅನುಮತಿ ಇಲ್ಲದೆ ವಸೂಲಿಯವನು ಊರೊಳಗೆ ಬರಕೂಡದು ಎಂದು ಬೋರ್ಡು ಹಾಕಿಸಿದವರ ಸ್ವಂತ ಜಿಲ್ಲೆಯಲ್ಲಿ, ವಸೂಲಿಯವನು ಒಳಗೆ ಬಂದ, ಊರಿನವರು ಹೊರಗೆ ಹೋದರು. ಇದಕ್ಕಿಂತ ನಾಚಿಕೆ ಬೇಕೆ?

ಅದಕ್ಕೇ ಕಾನೂನಿನ ಮಾತು ಕೆಲವನ್ನು ಇಲ್ಲಿ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ. 1908ರ ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಂ ಪ್ರಕಾರ, ಕೋರ್ಟಿನ ಡಿಕ್ರಿ ಇದ್ದರೂ ರೈತನ ಜೀವನಕ್ಕೆ ಬೇಕಾದ ಉಳುಮೆ ಸಾಮಾನು, ದನ, ಬಿತ್ತನೆ ಕಾಳು, ಅವನು ವಾಸ ಮಾಡುವ ಮನೆ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಮನೆಯನ್ನೇ ಅಡಮಾನ ಇಟ್ಟಿದ್ದರೆ ಮಾತು ಬೇರೆ. 2002ರ ಸರ್ಫೇಸಿ ಕಾಯಿದೆ ಕೋರ್ಟಿಗೆ ಹೋಗದೆಯೇ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿದೆ, ಆದರೆ ಅದರ 31ನೇ ಕಲಂ ಕೃಷಿ ಭೂಮಿಯನ್ನು ಆ ಅಧಿಕಾರದಿಂದ ಹೊರಗಿಟ್ಟಿದೆ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ಕಂತುಗಳು ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನು ಮಾಡಿ ಕಾಡಬಾರದು, ಬೈಯಬಾರದು, ಹೆದರಿಸಬಾರದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಇದರರ್ಥ ತೆಗೆದುಕೊಂಡ ಸಾಲ ತೀರಿಸಬೇಕಾಗಿಲ್ಲ ಎಂದಲ್ಲ. ಸಾಲ ಇದ್ದೇ ಇರುತ್ತದೆ, ಒಡವೆ ಅಡವಿಟ್ಟಿದ್ದರೆ ಅದು ಹರಾಜಾಗಬಹುದು, ಕೋರ್ಟಿಗೂ ಹೋಗಬಹುದು. ಆದರೆ ನಿಮ್ಮ ಬಾಗಿಲಲ್ಲಿ ನಿಂತು ನಿಮ್ಮ ಮಾನ ಹರಾಜು ಹಾಕುವ ಹಕ್ಕು ಯಾರಿಗೂ ಇಲ್ಲ.

ಹಾಗೇ ನಮ್ಮ ಕಡೆಯ ತೂತನ್ನೂ ನೋಡಿಕೊಳ್ಳಬೇಕು. ಸಂಘ ಹುಟ್ಟಿದ ಕಾಲದಲ್ಲಿ ಸರಳ ಮದುವೆಯ ಮಾತು ಜೋರಾಗಿತ್ತು. ಹಸಿರು ಶಾಲು ಹೊದ್ದ ಗಂಡು, ವರದಕ್ಷಿಣೆ ಬೇಡ, ಒಂದೇ ಹೊತ್ತಿನ ಊಟ. ಈಗ ಪಟ್ಟಣದ ಕಲ್ಯಾಣ ಮಂಟಪದಲ್ಲಿ ಒಂದು ದಿನ ಮಾಡುವ ಖರ್ಚಿಗೆ ಎರಡು ಎಕರೆ ಹೋಗುತ್ತದೆ. ಬೆಲೆಯಿಂದ ಬಂದ ಸಾಲಕ್ಕೆ ಸರ್ಕಾರದ ಮುಂದೆ ಎದೆಯೊಡ್ಡಿ ಲೆಕ್ಕ ಕೇಳಬಹುದು. ವಾಲಗ, ಲೈಟು, ಬಫೆ ಊಟದಿಂದ ಬಂದ ಸಾಲಕ್ಕೆ ಯಾರ ಹತ್ತಿರ ಲೆಕ್ಕ ಕೇಳೋದು?

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕೆಲಸ ಬೇಡ, ಪ್ರತಿ ಊರಲ್ಲಿ ಒಂದು ಲೆಕ್ಕದ ಪುಸ್ತಕ ಇಡಿ. ಊರಿಗೆ ಹತ್ತು ಮನೆ ಸಾಕು. ಕಾಲುವೆ ನೀರಿನ ಭತ್ತದವರು ಇಬ್ಬರು, ಮಳೆಯಾಶ್ರಯದ ರಾಗಿ ಜೋಳದವರು ಇಬ್ಬರು, ಅರಿಶಿನ, ಕಬ್ಬು, ರೇಷ್ಮೆ, ಹಾಲು ಹೀಗೆ. ಉತ್ತ ದಿನದಿಂದ ಮಾರಿದ ದಿನದವರೆಗೆ ಪ್ರತಿ ಖರ್ಚನ್ನೂ ಬರೆಯಿರಿ. ಮನೆಯ ಹೆಂಗಸರ ದುಡಿಮೆಗೆ ಬೇರೆ ಕಲಂ ಹಾಕಿ, ಅದು ಬಿಟ್ಟಿ ಅಲ್ಲ. ಕೊಟ್ಟಿಗೆ ಗೊಬ್ಬರಕ್ಕೂ ಸ್ವಂತ ಎತ್ತಿನ ಆರಿಗೂ ಬೆಲೆ ಕಟ್ಟಿ. ಆನೆ ಹಂದಿ ತಿಂದುಹೋದದ್ದನ್ನೂ, ರಾತ್ರಿ ಕಾವಲಿನ ಕೂಲಿಯನ್ನೂ ಬರೆಯಿರಿ. ಕಾಡಂಚಿನ ನಮ್ಮ ಖರ್ಚು ಬಯಲು ಸೀಮೆಯ ಖರ್ಚಿನಂತಲ್ಲ. ಶಾಲೆ ಓದುವ ಮಕ್ಕಳ ಕೈಯಲ್ಲಿ ಬರೆಸಿ, ಅವರಿಗೂ ತಿಳಿಯಲಿ. ವರ್ಷದ ಕೊನೆಗೆ ಊರ ಮುಂದೆ ಓದಿ. ಬೆಲೆ ಕೇಳಲು ಹೋದಾಗ ಅರ್ಜಿಯ ಬದಲು ಈ ಪುಸ್ತಕ ಮೇಜಿನ ಮೇಲೆ ಇಡಿ. 2020ರ ಕೇಂದ್ರದ ಮೂರು ಕೃಷಿ ಕಾಯಿದೆಗಳು 2021ರ ನವೆಂಬರಿನಲ್ಲಿ ವಾಪಸಾದವು. ದಿಲ್ಲಿಯ ಗಡಿಯಲ್ಲಿ ಒಂದು ವರ್ಷ ಕೂತವರ ಹಟದಿಂದ ಅದು ಆಯಿತು. ಆದರೆ ಬೆಂಬಲ ಬೆಲೆಗೆ ಕಾನೂನಿನ ಖಾತರಿ ಎಂಬ ಅವರ ಇನ್ನೊಂದು ಬೇಡಿಕೆ ಆ ವಾಪಸಾತಿಯ ಜೊತೆ ಬರಲಿಲ್ಲ. ಅದನ್ನು ಪಡೆಯಲು ಹಟದ ಜೊತೆಗೆ ಅಂಕಿಯೂ ಬೇಕು.

ಮಧುವನಹಳ್ಳಿಯಿಂದ ಹೊರಟ ಆ ಮನುಷ್ಯ ನಮಗೆ ಆಸ್ತಿ ಬಿಟ್ಟು ಹೋಗಲಿಲ್ಲ, ಪದವಿ ಬಿಟ್ಟು ಹೋಗಲಿಲ್ಲ. ಯಾರು ಯಾರಿಗೆ ಬಾಕಿ ಎಂಬ ಪ್ರಶ್ನೆ ಒಂದನ್ನು ಬಿಟ್ಟು ಹೋದರು. ಆ ಪ್ರಶ್ನೆಗೆ ಉತ್ತರ ಇರುವುದು ನಮ್ಮ ಹೊಲದಲ್ಲಿ, ಬರೆಯಬೇಕಾದ್ದು ನಮ್ಮ ಕೈ. ಮುಂದಿನ ಫೆಬ್ರವರಿಗೆ ಹಾರ ತರುವವರು ತನ್ನಿ. ಜೊತೆಗೆ ಪುಸ್ತಕವನ್ನೂ ತನ್ನಿ.